ಒಂದು ತರಗತಿಗೆ ಒಂದೇ ಮಾತು: ಮಕ್ಕಳಿಗೆ ಧರ್ಮೋಪದೇಶ ಕಲಿಸಲು ಹೊರಟವರಿಗೆ

ಫಾದರ್ ಕರೆದು "ಈ ವರ್ಷ ಮಕ್ಕಳ ಧರ್ಮೋಪದೇಶ ನೀವು ನೋಡಿಕೊಳ್ಳಿ" ಅಂದಾಗ ಹೆಚ್ಚಿನವರ ಬಾಯಲ್ಲಿ ಮೊದಲು ಬರುವ ಮಾತು, "ನನಗೇ ಅಷ್ಟಾಗಿ ಗೊತ್ತಿಲ್ಲ ಫಾದರ್." ನಾನೂ ಅದನ್ನೇ ಹೇಳಿದ್ದೆ. ಹೊಸದಾಗಿ ಸೇರುವವರು ಈಗ ನನ್ನ ಹತ್ತಿರ ಅದನ್ನೇ ಹೇಳುತ್ತಾರೆ. ಗೊತ್ತಿಲ್ಲದಿರುವುದು ದೊಡ್ಡ ತೊಂದರೆಯಲ್ಲ, ಓದಿಕೊಳ್ಳಬಹುದು. ಜಾಸ್ತಿ ತೊಂದರೆ ಕೊಡುವುದು ಗೊತ್ತಿರುವುದನ್ನೆಲ್ಲ ಒಂದೇ ಗಂಟೆಯಲ್ಲಿ ಸುರಿದುಬಿಡುವ ಆತುರ.

ನಾನು ಕಲಿಸುವುದು ಏಳರಿಂದ ಒಂಬತ್ತು ವರ್ಷದವರಿಗೆ. ಅಂದರೆ ಮೊದಲ ಪಾಪನಿವೇದನೆಗೆ (ಗುರುಗಳ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಪಡೆಯುವುದು), ಪ್ರಥಮ ಪರಮಪ್ರಸಾದಕ್ಕೆ (ಪೂಜೆಯಲ್ಲಿ ಅರ್ಪಿಸಿದ ರೊಟ್ಟಿಯನ್ನು ಕ್ರಿಸ್ತರ ಶರೀರವಾಗಿ ಮೊದಲ ಸಲ ಸ್ವೀಕರಿಸುವುದು) ತಯಾರಾಗುವ ಗುಂಪು. ಇಲ್ಲಿ ಬರೆಯುವುದೆಲ್ಲ ಆ ವಯಸ್ಸಿನವರಿಗಾಗಿ. ಹದಿಹರೆಯದವರ ತರಗತಿ ಬೇರೆಯೇ ಲೋಕ, ಅದಕ್ಕೆ ನಾನು ಬಾಯಿ ಹಾಕುವುದಿಲ್ಲ.

ಮೊದಲು ಒಂದು ವಾಕ್ಯ

1992ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಹೊರತಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದಲ್ಲಿ 2,865 ಪರಿಚ್ಛೇದಗಳಿವೆ. ನಾವು ನಂಬುವುದು, ಸಂಸ್ಕಾರಗಳಲ್ಲಿ ಆಚರಿಸುವುದು, ಬದುಕುವ ರೀತಿ, ಪ್ರಾರ್ಥನೆ ಎಂದು ನಾಲ್ಕು ಭಾಗ. ಈ ನಾಲ್ಕನ್ನು ತಲೆಯಲ್ಲಿಟ್ಟುಕೊಂಡರೆ ವರ್ಷದ ಯಾವ ಪಾಠ ಯಾವುದಕ್ಕೆ ಸೇರುತ್ತದೆ ಎಂದು ಗೊತ್ತಾಗುತ್ತದೆ. ಆದರೆ ಅದನ್ನೆಲ್ಲ ಕುಗ್ಗಿಸಿ ಮಕ್ಕಳ ಮುಂದೆ ಇಡಲು ಹೋಗಬೇಡಿ. ಒಂದು ತರಗತಿಗೆ ಒಂದು ವಾಕ್ಯ ಸಾಕು.

ವಾರದ ಮಧ್ಯದಲ್ಲೇ ಕೂತು ಆ ವಾಕ್ಯ ಬರೆಯಿರಿ. ಶನಿವಾರ ರಾತ್ರಿ ಬೇಡ. ಉದಾಹರಣೆಗೆ ಪಾಠ ಜ್ಞಾನಸ್ನಾನದ್ದು, ಅಂದರೆ ನೀರಿನಿಂದ ಧರ್ಮಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರದ್ದು ಅಂತಿಟ್ಟುಕೊಳ್ಳಿ. ನನ್ನ ವಾಕ್ಯ: "ಜ್ಞಾನಸ್ನಾನದಲ್ಲಿ ದೇವರು ನನ್ನನ್ನು ತಮ್ಮ ಮಗುವನ್ನಾಗಿ ಮಾಡಿಕೊಂಡರು." ನೀರು, ತೈಲ, ಬಿಳಿ ಬಟ್ಟೆ, ಮೇಣದಬತ್ತಿ ಎಲ್ಲವೂ ಆ ವಾಕ್ಯಕ್ಕೇ ಬಂದು ಸೇರಬೇಕು. ಜನ್ಮಪಾಪ, ಅಳಿಸಲಾಗದ ಮುದ್ರೆ, ಜ್ಞಾನ ತಂದೆತಾಯಿಯ ಜವಾಬ್ದಾರಿ? ಜಾಗವಿದ್ದರೆ ಬರಲಿ, ಇಲ್ಲದಿದ್ದರೆ ಮುಂದಿನ ವಾರ. ಪರೀಕ್ಷೆ ಸುಲಭ: ಮನೆಯಲ್ಲಿ "ಇವತ್ತು ಏನು ಹೇಳಿಕೊಟ್ಟರು?" ಅಂತ ಕೇಳಿದರೆ ಮಗು ಒಂದೇ ಉಸಿರಿನಲ್ಲಿ ಉತ್ತರ ಹೇಳಬೇಕು. "ಬಣ್ಣ ಹಚ್ಚಿದ್ವಿ" ಅನ್ನುವುದು ಉತ್ತರವಲ್ಲ.

ವಾಕ್ಯ ಬರೆದ ಮೇಲೆ ಅದು ಧರ್ಮಸಭೆಯ ಬೋಧನೆಗೆ ಸರಿಯಾಗಿದೆಯೇ ನೋಡಿ. ಸರಳ ಮಾಡುವ ಭರದಲ್ಲಿ ತಪ್ಪು ಹೇಳುವುದು ತುಂಬಾ ಸುಲಭ. ನಾನು ಪದೇ ಪದೇ ಕೇಳಿರುವ ನಾಲ್ಕು ಮಾತು ಹೇಳುತ್ತೇನೆ. "ಪರಮಪ್ರಸಾದ ಯೇಸುವಿನ ಗುರುತು." ಅಲ್ಲ, ಅದು ಯೇಸುಸ್ವಾಮಿಯೇ. "ಮಾತೆ ಮರಿಯಳನ್ನು ಆರಾಧಿಸುತ್ತೇವೆ." ಇಲ್ಲ, ಗೌರವಿಸುತ್ತೇವೆ, ನಮಗಾಗಿ ಪ್ರಾರ್ಥಿಸು ಎಂದು ಕೇಳುತ್ತೇವೆ. ಆರಾಧನೆ ದೇವರಿಗೆ ಮಾತ್ರ. "ಸತ್ತವರು ದೇವದೂತರಾಗುತ್ತಾರೆ." ಆಗುವುದಿಲ್ಲ. ಮನುಷ್ಯರು ಮನುಷ್ಯರಾಗಿಯೇ ಪುನರುತ್ಥಾನ ಹೊಂದುತ್ತಾರೆ, ದೇವದೂತರು ಬೇರೆಯೇ ಸೃಷ್ಟಿ. ನಾಲ್ಕನೆಯದು ತ್ರೈಏಕ ದೇವರ ಬಗ್ಗೆ, ಅಂದರೆ ತಂದೆ, ಮಗ, ಪವಿತ್ರಾತ್ಮ ಮೂವರೂ ಒಬ್ಬರೇ ದೇವರು ಎಂಬ ಬೋಧನೆಯ ಬಗ್ಗೆ: ನೀರು, ಮಂಜುಗಡ್ಡೆ, ಹಬೆ ಮೂರೂ ಒಂದೇ ಅಲ್ವಾ, ಹಾಗೇ ಇದೂ ಅನ್ನುವ ವಿವರಣೆ. ಕೇಳಲು ಚೆನ್ನಾಗಿದೆ, ಆದರೆ ತಪ್ಪು. ಅದರ ಪ್ರಕಾರ ಒಬ್ಬರೇ ಮೂರು ವೇಷ ಹಾಕಿದ ಹಾಗಾಗುತ್ತದೆ. ಅದರ ಬದಲು ಬೈಬಲಿನಲ್ಲಿ ಮತ್ತಾಯನ ಶುಭಸಂದೇಶದ 3ನೇ ಅಧ್ಯಾಯದಲ್ಲಿರುವ ಯೇಸುವಿನ ಸ್ನಾನದೀಕ್ಷೆಯ ದೃಶ್ಯ ಹೇಳಿ. ಮಗ ನೀರಿನಿಂದ ಮೇಲೆ ಬರುತ್ತಾರೆ, ಪವಿತ್ರಾತ್ಮರು ಪಾರಿವಾಳದಂತೆ ಇಳಿಯುತ್ತಾರೆ, ತಂದೆಯ ದನಿ ಆಕಾಶದಿಂದ ಕೇಳುತ್ತದೆ. ಮೂವರೂ ಅದೇ ಹೊತ್ತಿನಲ್ಲಿ ಇದ್ದಾರೆ. ದೇವರು ಮಾತ್ರ ಒಬ್ಬರೇ. ಅದು ಹೇಗೆ ಅಂತ ಮಗು ಕೇಳಿದರೆ, "ಅದು ನಮ್ಮ ಬುದ್ಧಿಗಿಂತ ದೊಡ್ಡದು, ಯೇಸು ತಿಳಿಸಿದ್ದರಿಂದ ನಮಗೆ ಗೊತ್ತು" ಅನ್ನಿ. ಮಕ್ಕಳು ಇದನ್ನು ದೊಡ್ಡವರಿಗಿಂತ ಬೇಗ ಒಪ್ಪಿಕೊಳ್ಳುತ್ತಾರೆ.

ತರಗತಿಯ ಒಂದು ಗಂಟೆ

ಮಕ್ಕಳು ಒಳಗೆ ಬರುವ ಮೊದಲೇ ಒಂದು ಸಣ್ಣ ಮೇಜಿನ ಮೇಲೆ ಬಟ್ಟೆ ಹಾಸಿ, ಬೈಬಲ್, ಶಿಲುಬೆ, ಮೇಣದಬತ್ತಿ ಇಟ್ಟಿರಿ. ಬಟ್ಟೆಯ ಬಣ್ಣ ಆ ವಾರದ ಪೂಜಾವಸ್ತ್ರದ ಬಣ್ಣವೇ ಇರಲಿ. ಆಗಮನ ಕಾಲಕ್ಕೂ (ಕ್ರಿಸ್‌ಮಸ್‌ಗೆ ಮುಂಚಿನ ವಾರಗಳು) ತಪಸ್ಸು ಕಾಲಕ್ಕೂ (ಈಸ್ಟರ್‌ಗೆ ಮುಂಚಿನ ವಾರಗಳು) ನೇರಳೆ, ಕ್ರಿಸ್ತಜಯಂತಿ ಮತ್ತು ಪಾಸ್ಕ (ಈಸ್ಟರ್) ಕಾಲಕ್ಕೆ ಬಿಳಿ, ಪವಿತ್ರಾತ್ಮರು ಇಳಿದು ಬಂದ ಹಬ್ಬವಾದ ಪೆಂತೆಕೋಸ್ತ್‌ಗೆ ಮತ್ತು ರಕ್ತಸಾಕ್ಷಿಗಳ ಹಬ್ಬಕ್ಕೆ ಕೆಂಪು, ಸಾಧಾರಣ ಕಾಲಕ್ಕೆ ಹಸಿರು. ಆಗಮನ ಕಾಲದ ಮೂರನೇ ಭಾನುವಾರ ಮತ್ತು ತಪಸ್ಸು ಕಾಲದ ನಾಲ್ಕನೇ ಭಾನುವಾರ ಗುಲಾಬಿ ಬಣ್ಣ ಹಾಕಬಹುದು. ಇದನ್ನು ಪಾಠ ಮಾಡಿ ಹೇಳಬೇಕಾಗಿಲ್ಲ. ಒಂದು ದಿನ ಬಟ್ಟೆ ಬದಲಾದಾಗ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಕೇಳಿದ ಮೇಲೆ ಹೇಳಿದ್ದು ಮರೆಯುವುದಿಲ್ಲ.

ಶುರುವಿನಲ್ಲಿ ಶಿಲುಬೆಯ ಗುರುತು. ನಿಧಾನವಾಗಿ, ಹಣೆ, ಎದೆ, ಎಡ ಭುಜ, ಬಲ ಭುಜ ಮುಟ್ಟಿ. ನೊಣ ಓಡಿಸಿದ ಹಾಗೆ ಮಾಡಿದರೆ ಇನ್ನೊಂದು ಸಲ ಮಾಡಿಸಿ, ಆದರೆ ಗದರಬೇಡಿ. ಆಮೇಲೆ ಒಂದು ನಿಮಿಷ ಮೌನ. ಮೊದಲ ಕೆಲವು ವಾರ ಈ ಒಂದು ನಿಮಿಷದಲ್ಲಿ ಕಿಸಕ್ಕನೆ ನಗು, ಕುರ್ಚಿ ಎಳೆಯುವ ಸದ್ದು ಎಲ್ಲ ಇರುತ್ತದೆ. ಬಿಡಬೇಡಿ. ಕೆಲವು ತಿಂಗಳ ಮೇಲೆ ಅವರೇ ಕೇಳುತ್ತಾರೆ, "ಟೀಚರ್, ಇವತ್ತು ಸುಮ್ನೆ ಕೂರೋದು ಇಲ್ವಾ?"

ನಂತರ ಕತೆ. ಬೈಬಲ್ ಕತೆಯನ್ನು ಓದಬೇಡಿ, ಹೇಳಿ. ಮನೆಯಲ್ಲಿ ಎರಡು ಸಲ ಓದಿಕೊಂಡು ಬಂದು, ತೆರೆದ ಬೈಬಲ್ ತೊಡೆಯ ಮೇಲಿಟ್ಟುಕೊಂಡು, ಮಕ್ಕಳ ಕಣ್ಣು ನೋಡುತ್ತಾ ಹೇಳಿ. ಪುಸ್ತಕ ತೆರೆದಿರಲೇಬೇಕು. ಇದು ಟೀಚರ್ ಕಟ್ಟಿದ ಕತೆಯಲ್ಲ, ಅಲ್ಲಿಂದ ಬಂದದ್ದು ಅಂತ ಅವರಿಗೆ ಕಾಣಬೇಕು. ಲೂಕನ 15ನೇ ಅಧ್ಯಾಯ ಈ ವಯಸ್ಸಿಗೆ ಹೇಳಿ ಮಾಡಿಸಿದ್ದು: ಕಳೆದುಹೋದ ಕುರಿ, ಕಳೆದುಹೋದ ನಾಣ್ಯ, ಮನೆ ಬಿಟ್ಟು ಹೋದ ಮಗ. ಕತೆ ಮುಗಿದ ತಕ್ಷಣ "ಇದರ ನೀತಿ ಏನು?" ಅಂತ ಕೇಳಬೇಡಿ. ಆ ಪ್ರಶ್ನೆ ಬಂದ ಕೂಡಲೇ ಮಕ್ಕಳ ಮುಖದಲ್ಲಿ ಶಾಲೆ ಬಂದುಬಿಡುತ್ತದೆ. ಅದರ ಬದಲು ಕತೆಯೊಳಗೇ ಕೇಳಿ. "ಮಗ ಇನ್ನೂ ದೂರದಲ್ಲಿರುವಾಗಲೇ ತಂದೆಗೆ ಹೇಗೆ ಕಾಣಿಸಿದ?" ಒಮ್ಮೆ ಹೀಗೆ ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಒಬ್ಬ ಹುಡುಗ, "ದಿನಾ ಬಾಗಿಲಲ್ಲಿ ನಿಂತು ನೋಡ್ತಿದ್ದರು ಅನ್ಸುತ್ತೆ" ಅಂದ. ದೇವರ ಕರುಣೆಯ ಬಗ್ಗೆ ನಾನು ಬರೆದುಕೊಂಡು ಬಂದಿದ್ದ ಅರ್ಧ ಪುಟ ಅಲ್ಲಿಗೆ ಬೇಡವಾಯಿತು.

ಕೈಗೆ ಏನಾದರೂ ಕೊಡಿ. 1954ರಲ್ಲಿ ರೋಮ್‌ನಲ್ಲಿ ಬೈಬಲ್ ವಿದ್ವಾಂಸೆ ಸೋಫಿಯಾ ಕವಲೆತ್ತಿ ಮತ್ತು ಮಾಂಟೆಸ್ಸರಿ ಪದ್ಧತಿಯಲ್ಲಿ ಪಳಗಿದ್ದ ಜಿಯಾನ್ನಾ ಗೊಬ್ಬಿ ಸೇರಿ ಶುರು ಮಾಡಿದ ಪದ್ಧತಿಯೊಂದಿದೆ, ಒಳ್ಳೆಯ ಕುರುಬನ ಧರ್ಮೋಪದೇಶ ಎಂದು ಅದರ ಹೆಸರು. ಅಲ್ಲಿ ಮಕ್ಕಳು ಮರದ ಕುರಿ, ಕುರುಬನ ಬೊಂಬೆ, ಪುಟ್ಟ ಬಲಿಪೀಠ, ಪುಟ್ಟ ಪಾನಪಾತ್ರೆಗಳನ್ನು ತಾವೇ ಕೈಯಲ್ಲಿ ಹಿಡಿದು, ಜೋಡಿಸಿ, ಅವಸರವಿಲ್ಲದೆ ಯೋಚಿಸುತ್ತಾರೆ. ಆ ಪದ್ಧತಿಯ ಎಲ್ಲ ಸಾಮಗ್ರಿ ಹೊಂದಿಸಲು ಜಾಗ, ತರಬೇತಿ, ಸಮಯ ಬೇಕು. ನಮಗೆ ಅಷ್ಟಿಲ್ಲದಿದ್ದರೂ ಒಂದು ಬಿಳಿ ಬಟ್ಟೆ, ಒಂದು ಬಟ್ಟಲು, ಒಂದು ತಟ್ಟೆ, ಎರಡು ಮೇಣದಬತ್ತಿ ಸಿಗುತ್ತವೆ. ಬಲಿಪೀಠ ಸಜ್ಜು ಮಾಡುವುದನ್ನು ಒಂದು ಮಗು ತಾನೇ ಮಾಡಿ ನೋಡಿದರೆ ಮುಂದಿನ ಪೂಜೆಯಲ್ಲಿ ಅದರ ಕಣ್ಣು ಬಲಿಪೀಠ ಬಿಟ್ಟು ಹೋಗುವುದಿಲ್ಲ. ಮಿನುಗುಪುಡಿ, ಅಂಟು, ಹತ್ತಿ ಅಂಟಿಸಿದ ಕುರಿ, ಇವುಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಅರ್ಧ ಗಂಟೆ ಕುರಿಗೆ ಹತ್ತಿ ಅಂಟಿಸಿದ ಮಗುವಿಗೆ ನೆನಪಿರುವುದು ಅಂಟು.

ಕೊನೆಯ ಹತ್ತು ನಿಮಿಷ ಪ್ರಾರ್ಥನೆಗೆ. ಇದನ್ನು ಯಾವ ಕಾರಣಕ್ಕೂ ಕತ್ತರಿಸಬೇಡಿ, ಪಾಠ ಅರ್ಧಕ್ಕೆ ನಿಂತರೂ ಸರಿ. ಆ ದಿನದ ವಾಕ್ಯವನ್ನೇ ದೇವರಿಗೆ ಹೇಳುವ ಮಾತಾಗಿ ತಿರುಗಿಸಿ: "ತಂದೆಯೇ, ನನ್ನನ್ನು ನಿಮ್ಮ ಮಗು ಮಾಡಿಕೊಂಡಿದ್ದಕ್ಕೆ ವಂದನೆ." ಬೇಕಾದವರು ತಮ್ಮದೇ ಒಂದು ಮಾತು ಸೇರಿಸಲಿ. ಯಾರನ್ನೂ ಬಲವಂತ ಮಾಡಬೇಡಿ.

ಬಾಯಿಪಾಠ ಬೇಕೋ ಬೇಡವೋ

ಬೇಕು. ಅರ್ಥವಾಗದ್ದನ್ನು ಬಾಯಿಪಾಠ ಮಾಡಿಸಬಾರದು ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆಸ್ಪತ್ರೆಯ ಮಂಚದ ಮೇಲೆ, ಭಯವಾದ ರಾತ್ರಿಯಲ್ಲಿ ಬಾಯಿಗೆ ಬರುವುದು ಬಾಲ್ಯದಲ್ಲಿ ಕಲಿತ ಪ್ರಾರ್ಥನೆಯೇ. ಅರ್ಥ ಆಮೇಲೂ ತುಂಬಿಕೊಳ್ಳುತ್ತದೆ. ಧರ್ಮೋಪದೇಶದ ಬಗ್ಗೆ 1979ರಲ್ಲಿ ಬರೆದ ಪತ್ರದಲ್ಲಿ ಎರಡನೇ ಜಾನ್ ಪೌಲರೂ ನೆನಪಿನಲ್ಲಿಡಿಸುವುದನ್ನು ಪೂರ್ತಿ ಕೈಬಿಡಬಾರದು ಎಂದಿದ್ದಾರೆ. ಆದರೆ ಕಲಿಸುವ ದಾರಿ ಮುಖ್ಯ. ಹಾಳೆ ಕೊಟ್ಟು "ಮುಂದಿನ ವಾರ ಒಪ್ಪಿಸಬೇಕು" ಅಂದರೆ ಅದು ದಂಡನೆಯಾಗುತ್ತದೆ. ಪ್ರತಿ ತರಗತಿಯಲ್ಲಿ ಒಟ್ಟಿಗೆ ಹೇಳುತ್ತಾ ಹೋದರೆ ತಾನಾಗಿ ಬರುತ್ತದೆ. ಪ್ರಭು ಕಲಿಸಿದ ಪ್ರಾರ್ಥನೆ, ನಮೋ ಮರಿಯಾ, ತ್ರೈಏಕ ಸ್ತುತಿ, ಪಶ್ಚಾತ್ತಾಪದ ಪ್ರಾರ್ಥನೆ, ಇವು ಮೊದಲು. ವಿಶ್ವಾಸ ಪ್ರಮಾಣ ಉದ್ದ, ಅದನ್ನು ತುಂಡು ತುಂಡಾಗಿ ವರ್ಷವಿಡೀ ಹರಡಿ. ದಶಾಜ್ಞೆಗಳಿಗೆ ಹತ್ತು ಬೆರಳಿವೆ.

ಖಾಲಿ ದೇವಾಲಯದಲ್ಲಿ ಒಂದು ತರಗತಿ

ವರ್ಷದ ಶುರುವಿನಲ್ಲೇ ಪೂಜೆ ಇಲ್ಲದ ಹೊತ್ತಿನಲ್ಲಿ ಮಕ್ಕಳನ್ನು ದೇವಾಲಯದೊಳಗೆ ಕರೆದುಕೊಂಡು ಹೋಗಿ. ಬಾಗಿಲ ಬಳಿಯ ತೀರ್ಥದ ಬಟ್ಟಲಿನಿಂದ ಶುರು ಮಾಡಿ. ಜ್ಞಾನಸ್ನಾನದ ತೊಟ್ಟಿ, ವಾಚನ ಪೀಠ, ಬಲಿಪೀಠ, ಪಾಪನಿವೇದನೆಯ ಜಾಗ, ಕೊನೆಗೆ ಪರಮಪ್ರಸಾದದ ಪೆಟ್ಟಿಗೆ. ಅಲ್ಲಿ ಉರಿಯುವ ದೀಪ ತೋರಿಸಿ, "ಈ ದೀಪ ಉರಿಯುತ್ತಿದ್ದರೆ ಯೇಸು ಇಲ್ಲಿದ್ದಾರೆ" ಅಂತ ಪಿಸುದನಿಯಲ್ಲಿ ಹೇಳಿ, ಮಂಡಿಯೂರಿ. ನೀವು ಮಂಡಿಯೂರುವ ರೀತಿಯೇ ಆ ದಿನದ ಪಾಠ. ಫಾದರ್‌ಗೆ ಬಿಡುವಿದ್ದರೆ ಪೂಜಾವಸ್ತ್ರಗಳ ಕೋಣೆಯನ್ನು ಅವರೇ ತೋರಿಸಲಿ. ಅವರೂ ಅಂಗಿ ಹಾಕಿ ಬಟನ್ ಹಾಕಿಕೊಳ್ಳುವ ಮನುಷ್ಯರೇ ಅಂತ ಮಕ್ಕಳಿಗೆ ತಿಳಿದರೆ ಮುಂದೆ ಪಾಪನಿವೇದನೆಗೆ ಹೋಗುವಾಗ ಅರ್ಧ ಭಯ ಕಡಿಮೆ.

ಪಾಪನಿವೇದನೆ: ಇಲ್ಲಿ ನಿಧಾನವಾಗಿ ಹೋಗಿ

1910ರಲ್ಲಿ ಪೋಪ್ ಹತ್ತನೇ ಪಿಯುಸ್, ಸರಿತಪ್ಪು ತಿಳಿಯುವ ವಯಸ್ಸಿಗೆ, ಅಂದರೆ ಸುಮಾರು ಏಳು ವರ್ಷಕ್ಕೆ ಮಕ್ಕಳಿಗೆ ಪಾಪನಿವೇದನೆ ಮತ್ತು ಪರಮಪ್ರಸಾದ ಕೊಡಬಹುದು ಎಂದು ತೀರ್ಮಾನಿಸಿದರು. ಅದಕ್ಕೆ ಮುಂಚೆ ಹಲವು ಕಡೆ ಹತ್ತು, ಹನ್ನೆರಡು ವರ್ಷ, ಇನ್ನೂ ಹೆಚ್ಚು ಕಾಯಿಸುತ್ತಿದ್ದರು. ಇಂದಿಗೂ ಕ್ರಮ ಅದೇ: ಮೊದಲು ಪಾಪನಿವೇದನೆ, ನಂತರ ಪರಮಪ್ರಸಾದ.

ಈ ವಯಸ್ಸಿನ ಮಕ್ಕಳಿಗೆ ಪಾಪ ಎಂದರೆ ಬೈಗುಳ ತಿನ್ನಿಸುವಂಥದ್ದು ಅಷ್ಟೇ. ಅದನ್ನು ಬಿಡಿಸಬೇಕು. ನಾನು ಸಣ್ಣ ಸಣ್ಣ ಸನ್ನಿವೇಶ ಹೇಳಿ ಮಕ್ಕಳಿಂದಲೇ ವಿಂಗಡಿಸುತ್ತೇನೆ. ಕೈಜಾರಿ ಲೋಟ ಒಡೆಯಿತು: ಪಾಪವಲ್ಲ. ಒಡೆದದ್ದು ತಂಗಿ ಅಂತ ಸುಳ್ಳು ಹೇಳಿದೆ: ಪಾಪ. ಸುಳ್ಳು ಹೇಳಬೇಕು ಅನ್ನಿಸಿತು, ಹೇಳಲಿಲ್ಲ: ಪಾಪವಲ್ಲ, ಗೆದ್ದೆ. ಲೆಕ್ಕ ತಪ್ಪು ಮಾಡಿದೆ: ಪಾಪವಲ್ಲ. ಇನ್ನೊಬ್ಬರು ನಿನಗೆ ನೋವು ಮಾಡಿದರು: ಅದು ನಿನ್ನ ಪಾಪ ಅಲ್ಲವೇ ಅಲ್ಲ. ಈ ಕೊನೆಯದನ್ನು ಎರಡು ಸಲ ಹೇಳಿ. ಅದನ್ನು ಕೇಳಬೇಕಾದ ಮಗು ನಿಮ್ಮ ತರಗತಿಯಲ್ಲೇ ಇರಬಹುದು.

ಅಂಥ ಮಗು ನಿಮ್ಮ ಹತ್ತಿರ ಏನಾದರೂ ಹೇಳಿಕೊಂಡರೆ ಕೇಳಿಸಿಕೊಳ್ಳಿ, ನಂಬಿ. "ಯಾರಿಗೂ ಹೇಳುವುದಿಲ್ಲ" ಅಂತ ಮಾತು ಕೊಡಬೇಡಿ, ನೀವೇ ವಿಚಾರಣೆಗೂ ಇಳಿಯಬೇಡಿ. ಧರ್ಮಕೇಂದ್ರದಲ್ಲಿ ಮಕ್ಕಳ ರಕ್ಷಣೆಯ ಜವಾಬ್ದಾರಿ ಯಾರದ್ದೋ ಅವರಿಗೆ ಅದೇ ದಿನ ತಿಳಿಸಿ, ಕಾನೂನು ಹೇಳುವ ಹಾಗೆ ಮುಂದಿನದು ನಡೆಯಲಿ. ತರಗತಿಯಲ್ಲಿ ಯಾವಾಗಲೂ ಇಬ್ಬರು ದೊಡ್ಡವರಿರಲಿ, ಬಾಗಿಲು ತೆರೆದಿರಲಿ.

ಮಕ್ಕಳಿಂದ ಪಾಪಗಳ ಪಟ್ಟಿ ಬರೆಸಿ ನೀವು ಓದುವುದು ಬೇಡವೇ ಬೇಡ. ಅಭ್ಯಾಸ ಮಾಡಿಸುವಾಗಲೂ ನಿಜವಾದ ಪಾಪ ಹೇಳಿಸಬೇಡಿ, ಕತೆಯ ಪಾತ್ರವೊಂದರ ಪಾಪ ಹೇಳಿಸಿ. ಬಂದು ಶಿಲುಬೆ ಗುರುತು ಹಾಕುವುದು, ಪಾಪ ಹೇಳುವುದು, ಪ್ರಾಯಶ್ಚಿತ್ತ ಕೇಳಿಸಿಕೊಳ್ಳುವುದು, ಪಶ್ಚಾತ್ತಾಪದ ಪ್ರಾರ್ಥನೆ, ಕ್ಷಮೆಯ ಮಾತು, ಇಷ್ಟನ್ನು ನಾಲ್ಕೈದು ಸಲ ಆಡಿ ತೋರಿಸಿದರೆ ಸಾಕು. ಮರೆತರೆ ಫಾದರ್ ನೆನಪಿಸುತ್ತಾರೆ ಅಂತ ಮೊದಲೇ ಹೇಳಿಡಿ. ಕೇಳಿದ್ದನ್ನು ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ ಎಂಬುದನ್ನೂ ಹೇಳಿ. "ಪೊಲೀಸ್ ಕೇಳಿದರೂ?" ಕೇಳಿದರೂ. "ಪೋಪ್ ಕೇಳಿದರೂ?" ಕೇಳಿದರೂ. ಈ ಪ್ರಶ್ನೋತ್ತರ ಮುಗಿಯುವುದೇ ಇಲ್ಲ, ಆದರೆ ಮಕ್ಕಳ ಭುಜ ಸಡಿಲವಾಗುವುದು ಇಲ್ಲೇ.

ಪ್ರಥಮ ಪರಮಪ್ರಸಾದ

ಧರ್ಮಸಭೆಯ ಕಾನೂನು ಮಕ್ಕಳಿಂದ ಕೇಳುವುದು ಎಷ್ಟು ಕಡಿಮೆ ಅಂತ ನೋಡಿದರೆ ಆಶ್ಚರ್ಯವಾಗುತ್ತದೆ. ತಮ್ಮ ಶಕ್ತಿಗೆ ತಕ್ಕಷ್ಟು ಕ್ರಿಸ್ತರ ರಹಸ್ಯ ತಿಳಿದಿರಬೇಕು, ವಿಶ್ವಾಸದಿಂದ, ಭಕ್ತಿಯಿಂದ ಸ್ವೀಕರಿಸುವಂತಿರಬೇಕು. ಸಾವಿನ ಅಪಾಯದಲ್ಲಿರುವ ಮಗುವಿಗಂತೂ ಕ್ರಿಸ್ತರ ಶರೀರಕ್ಕೂ ಸಾಮಾನ್ಯ ಆಹಾರಕ್ಕೂ ವ್ಯತ್ಯಾಸ ತಿಳಿದು ಭಕ್ತಿಯಿಂದ ಸ್ವೀಕರಿಸುವಂತಿದ್ದರೆ ಸಾಕು. ಹಾಗಿರುವಾಗ ನಾವು ಐವತ್ತು ಪ್ರಶ್ನೆಗಳ ಪರೀಕ್ಷೆ ಇಟ್ಟು ಮಕ್ಕಳು ಅಳುವಂತೆ ಮಾಡುವುದು ಯಾಕೋ ನನಗೆ ಗೊತ್ತಿಲ್ಲ. ನನ್ನ ಪ್ರಶ್ನೆ ಒಂದೇ. "ಅಲ್ಲಿ ನಿನ್ನ ಬಳಿ ಬರುವವರು ಯಾರು?" ಯಾವುದಾದರೂ ವಿಕಲತೆ ಇರುವ, ಮಾತು ಕಡಿಮೆ ಇರುವ ಮಗುವಾದರೆ ಉತ್ತರ ಬೆರಳು ತೋರಿಸಿ ಬಂದರೂ ಉತ್ತರವೇ.

ಅಭ್ಯಾಸಕ್ಕೆ ಪೂಜೆಯಲ್ಲಿ ಅರ್ಪಿಸದ ರೊಟ್ಟಿಯನ್ನು ಬಳಸಿ, ಅದು ಬರೀ ರೊಟ್ಟಿ ಅಂತ ಸ್ಪಷ್ಟವಾಗಿ ಹೇಳಿ. ಇಲ್ಲದಿದ್ದರೆ ಮೊದಲ ಸಲ ಅದರ ರುಚಿಗೆ ಮುಖ ಕಿವುಚುವವರು ಇದ್ದೇ ಇರುತ್ತಾರೆ. "ಕ್ರಿಸ್ತರ ಶರೀರ" ಅಂದಾಗ "ಆಮೆನ್" ಕೇಳಿಸುವಂತೆ ಹೇಳಬೇಕು. ಒಂದು ಗಂಟೆ ಮುಂಚೆಯಿಂದ ಏನೂ ತಿನ್ನಬಾರದು, ನೀರು ಮತ್ತು ಔಷಧಿ ಪರವಾಗಿಲ್ಲ. ಬಟ್ಟೆ, ಫೋಟೊಗಳ ಗಲಾಟೆ ಕಡಿಮೆ ಮಾಡಲು ಪೋಷಕರೊಂದಿಗೆ ಮೊದಲೇ ಮಾತಾಡಿ. ಕೊನೆಯ ವಾರ ಹೇಳಿದರೆ ಯಾರೂ ಕೇಳುವುದಿಲ್ಲ.

ಕಷ್ಟದ ಪ್ರಶ್ನೆಗಳು, ಆಕಳಿಕೆಗಳು

"ದೇವರನ್ನು ಮಾಡಿದ್ದು ಯಾರು?" ಯಾರೂ ಅಲ್ಲ. ಮಾಡಿದ ವಸ್ತುವಿಗೆ ಮಾಡಿದವರು ಬೇಕು, ದೇವರು ಯಾವಾಗಲೂ ಇದ್ದಾರೆ. "ಸತ್ತುಹೋದ ನನ್ನ ನಾಯಿ ಸ್ವರ್ಗದಲ್ಲಿದೆಯಾ?" ಇದೆ ಅಂತಲೂ ಇಲ್ಲ ಅಂತಲೂ ಮಗುವಿಗೆ ಹೇಳಬೇಡಿ. ಲೂಕನ 12ನೇ ಅಧ್ಯಾಯ ತೆರೆಯಿರಿ: ಒಂದು ಗುಬ್ಬಚ್ಚಿಯನ್ನೂ ದೇವರು ಮರೆಯುವುದಿಲ್ಲ. ನಾಯಿಗೂ ಅಷ್ಟು ಸಾಕು. "ಅಜ್ಜಿ ಕ್ರೈಸ್ತರಲ್ಲ, ಅವರು ನರಕಕ್ಕೆ ಹೋಗುತ್ತಾರಾ?" ಈ ಪ್ರಶ್ನೆಗೆ ತಡವರಿಸಬೇಡಿ, ಮಗು ಬಹಳ ದಿನದಿಂದ ಹೊತ್ತುಕೊಂಡು ಬಂದಿರುತ್ತದೆ. ತಮ್ಮದಲ್ಲದ ತಪ್ಪಿನಿಂದ ಕ್ರಿಸ್ತರನ್ನು ಅರಿಯದೆ, ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಹುಡುಕುತ್ತಾ, ಮನಸ್ಸಾಕ್ಷಿಯಂತೆ ನಡೆಯುವವರೂ ರಕ್ಷಣೆ ಪಡೆಯಬಲ್ಲರು ಎಂದು ಜಗತ್ತಿನ ಬಿಷಪ್‌ಗಳೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಹೇಳಿದೆ. ಮಗುವಿಗೆ, "ಅಜ್ಜಿಯನ್ನು ನಿನಗಿಂತ ಜಾಸ್ತಿ ದೇವರು ಪ್ರೀತಿಸುತ್ತಾರೆ, ನೀನು ಅವರಿಗಾಗಿ ಪ್ರಾರ್ಥಿಸು" ಅನ್ನಿ. ಉತ್ತರ ಗೊತ್ತಿಲ್ಲದ ಪ್ರಶ್ನೆಯಾದರೆ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟು ಮುಂದಿನ ವಾರ ಖಂಡಿತ ಉತ್ತರ ತನ್ನಿ. ಮಕ್ಕಳು ಆ ಮೂಲೆಯನ್ನು ನೋಡುತ್ತಲೇ ಇರುತ್ತಾರೆ.

ಆಕಳಿಕೆ ಹೊಸ ಸಮಸ್ಯೆಯೇನಲ್ಲ. ಸುಮಾರು ಕ್ರಿ.ಶ. 400ರಲ್ಲಿ ಕಾರ್ಥೇಜಿನ ದೇವೊಗ್ರಾಸಿಯಸ್ ಎಂಬ ಉಪಯಾಜಕ, ತಾನು ಕಲಿಸುವುದು ತನಗೇ ಬೇಸರ ಎಂದು ಸಂತ ಅಗಸ್ಟೀನರಿಗೆ ದೂರಿಕೊಂಡಿದ್ದ. ಅಗಸ್ಟೀನರ ಸಲಹೆಯಲ್ಲಿ ನನಗೆ ಬಹಳ ಹಿಡಿಸಿದ್ದು ಎರಡು: ನೀನು ಸಂತೋಷದಿಂದ ಕಲಿಸು, ಕೇಳುವವನು ಆಕಳಿಸಿದರೆ ಹರ್ಷದ ಮಾತೊಂದನ್ನು ಹೇಳು ಇಲ್ಲವೇ ಕೂರಲು ಜಾಗ ಕೊಡು. ನಮ್ಮ ಮಕ್ಕಳು ಆಗಲೇ ಕೂತಿರುತ್ತಾರೆ, ಹಾಗಾಗಿ ನಾನು ಎಬ್ಬಿಸಿ ನಿಲ್ಲಿಸಿ ಒಂದು ಹಾಡು ಹಾಡಿಸುತ್ತೇನೆ.

ಮನೆಯವರು, ಮತ್ತು ಹಬ್ಬದ ಮರುವಾರ

ಮಕ್ಕಳ ಮೊದಲ ಬೋಧಕರು ತಂದೆತಾಯಿ. ವಾರಕ್ಕೆ ಒಂದು ಗಂಟೆ ಸಿಗುವ ನಾವು ಸಹಾಯಕರು. ಅದಕ್ಕೇ ಆ ದಿನದ ವಾಕ್ಯವನ್ನು ತರಗತಿ ಮುಗಿದ ಕೂಡಲೇ ಪೋಷಕರ ಫೋನಿಗೆ ಕಳುಹಿಸಿ, ಜೊತೆಗೆ ಒಂದೇ ಒಂದು ಕೆಲಸ: "ರಾತ್ರಿ ಮಲಗುವಾಗ ಮಗುವಿನ ಹಣೆಗೆ ಶಿಲುಬೆ ಗುರುತು ಹಾಕಿ." ಉದ್ದ ಬರೆದರೆ ಓದುವುದಿಲ್ಲ. ಪೂಜೆಗೆ ಬಾರದ ಮನೆಯವರನ್ನು ಮಗುವಿನ ಮುಂದೆ ಆಕ್ಷೇಪಿಸಬೇಡಿ. ಏಳು ವರ್ಷದ ಮಗು ತಾನೇ ಬಂಡಿ ಓಡಿಸಿಕೊಂಡು ಬರುವುದಿಲ್ಲ ತಾನೇ?

ಪ್ರಥಮ ಪರಮಪ್ರಸಾದ ಆದ ಮೇಲೆ ಅರ್ಧ ತರಗತಿ ಕಾಣೆಯಾಗುವುದು ಎಲ್ಲ ಧರ್ಮೋಪದೇಶಕರಿಗೂ ಗೊತ್ತಿರುವ ಸಂಗತಿ. ಬೈದು ಪ್ರಯೋಜನವಿಲ್ಲ. ಆ ಮಕ್ಕಳಿಗೆ ಮಾಡಲು ಏನಾದರೂ ಇರಬೇಕು. ಬಲಿಪೀಠ ಸೇವೆ, ಗಾಯನ, ವಿಶ್ವಾಸಿಗಳ ಪ್ರಾರ್ಥನೆ ಓದುವುದು, ಕಾಣಿಕೆ ಒಯ್ಯುವುದು, ಮುಂದಿನ ವರ್ಷದ ಪುಟಾಣಿಗಳಿಗೆ ದೇವಾಲಯ ಸುತ್ತಿ ತೋರಿಸುವುದು. ಯಾರಿಗೆ ಯಾವ ಕೆಲಸ ಅಂತ ಫಾದರ್ ಜೊತೆ ಕೂತು ಹಬ್ಬಕ್ಕೆ ಒಂದು ತಿಂಗಳ ಮುಂಚೆಯೇ ಬರೆದಿಡಿ, ಮಗುವಿನ ಹೆಸರು ಮತ್ತು ಮೊದಲ ಸರದಿಯ ತಾರೀಖಿನ ಸಮೇತ. ಆ ಚೀಟಿಯನ್ನು ಹಬ್ಬದ ದಿನವೇ ಪೋಷಕರ ಕೈಗೆ ಕೊಡಿ. ಎಲ್ಲರೂ ಫೋಟೊ ತೆಗೆಸಿಕೊಳ್ಳಲು ಹೇಗೂ ಅಲ್ಲೇ ನಿಂತಿರುತ್ತಾರೆ.